ಒಗೆದಿಟ್ಟ ದುಪ್ಪಟಿ

ನಡುಮನೆಯ ಮಂಚದ ಮೇಲೆ ಇಸ್ತ್ರಿಯಾದ ದುಪ್ಪಟಿಗಳು ಒಂದರ ಮೇಲೊಂದು ಕೂತಿದ್ದವು. ಪಕ್ಕದಲ್ಲಿ ಕಂಬಳಿ, ಜಮಖಾನ. ಮಳವಳ್ಳಿಯ ತವರಿನಿಂದ ಮೊದಲ ಬಸ್ಸಿಗೆ ಬಂದಿಳಿದ ದೇವಿರಮ್ಮ, ಕಂಕುಳಲ್ಲಿದ್ದ ರೊಟ್ಟಿಯ ಬುತ್ತಿಯನ್ನೂ ಇಳಿಸದೆ ಹೊಸಿಲಲ್ಲೇ ನಿಂತುಬಿಟ್ಟಳು. ಹಿಂದಿದ್ದ ಹೆಣ್ಣುಮಕ್ಕಳಿಬ್ಬರು ಅವಳ ಪಕ್ಕದಿಂದ ಇಣುಕಿದರು.

"ಇದ್ಯಾರು ಒಗ್ದೋರು?"

ಗಂಡ ಕೆಂಪಸಿದ್ದಯ್ಯ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. "ಲಾಂಡ್ರಿಗೆ ಆಕ್ಸಿದ್ದೆ ಕಣಮ್ಮಿ. ನೀನು ಬರಾದ್ರೊಳ್ಗೆ ಆಗ್ಬುಡ್ಲಿ ಅಂತ," ಎಂದು, ಸೋಪು ಮೆತ್ತಿದ ಮುಖವನ್ನು ಮೆಚ್ಚುಗೆಗಾಗಿ ಇತ್ತ ತಿರುಗಿಸಿದ.

ಮದ್ದೂರಿನ ಆ ಬೀದಿಯ ಹೆಂಗಸರಿಗೆ ಯುಗಾದಿಯ ಹಿಂದಿನ ಭಾನುವಾರವೆಂದರೆ ಶಿಂಷಾ ಹೊಳೆ. ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಗಂಟುಕಟ್ಟಿ, ತಲೆಯ ಮೇಲೆ ಹೊತ್ತು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಹೊರಟರೆ ಯಾವ ಅತ್ತೆಯೂ ಯಾಕೆ ಎಂದು ಕೇಳುವಂತಿಲ್ಲ. ಹಬ್ಬದ ಕೆಲಸ ನೋಡಿ. ಒಗೆಯುವುದೇನು ಮಹಾ, ಬಿಸಿಲೇರುವ ಮೊದಲೇ ಮುಗಿಯುತ್ತಿತ್ತು. ಆಮೇಲೆ ಬಟ್ಟೆ ಮರಳ ಮೇಲೆ ಒಣಗಬೇಕಲ್ಲ, ಅಷ್ಟು ಹೊತ್ತೂ ಅವರದೇ. ನೀರಲ್ಲಿ ಕಾಲು ಬಿಟ್ಟು ಕೂರುವುದು, ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚಿ ಹುಚ್ಚೆಳ್ಳು ಚಟ್ನಿ ಹಂಚಿಕೊಳ್ಳುವುದು, ತಂತಮ್ಮ ಗಂಡಂದಿರ ನಡಿಗೆಯನ್ನು ಅಣಕಿಸಿ ಬಿದ್ದುಬಿದ್ದು ನಗುವುದು. ಒಣಗುವುದು ತಡವಾದಷ್ಟೂ ಒಳ್ಳೆಯದೆಂದು ಮೆಕ್ಯಾನಿಕ್ ಜಲಾಲನ ಹೆಂಡತಿ ಹಬೀಬುನ್ನೀಸಾ, ಯಾರೂ ನೋಡದಾಗ ಕಂಬಳಿಗೆ ಇನ್ನೊಂದು ಚೊಂಬು ನೀರು ಸುರಿದು ಬರುತ್ತಿದ್ದಳು.

ವರ್ಷಕ್ಕೊಂದು ದಿನ. ಅದನ್ನು ಈ ಪುಣ್ಯಾತ್ಮ ಇಸ್ತ್ರಿ ಮಾಡಿಸಿ ಮಡಿಸಿಟ್ಟಿದ್ದ.

"ಯಾರ್ನ ಕೇಳಿ ಆಕ್ಸಿದ್ರಿ?"

"ಕೇಳಾದೇನು? ನಾನೀಗ ಹೆಡ್ ಗುಮಾಸ್ತ. ಸಾಹೇಬ್ರ ಜೀಪು ಆ ಸೇತ್ವೆ ಮ್ಯಾಲೇ ಓಡಾಡ್ತದೆ. ನನ್ನೆಂಡ್ರು ಸೀರೆ ಎತ್ಕಟ್ಕಂಡು ಒಳೇಲಿ ನಿಂತವ್ಳೆ ಅಂದ್ರೆ ಮರ್ವಾದೆ ಏನಾಯ್ತದೆ? ಮನೇಲಿ ಆರಾಮಾಗಿರು. ಟ್ರಾನ್ಸಿಸ್ಟರ್ ಅದೆ, ಕೇಳು."

ದೇವಿರಮ್ಮನ ಮೈ ಉರಿಯಿತು. ಈ ಮನುಷ್ಯ ಭಾನುವಾರ ಬಂತೆಂದರೆ ಸ್ಟೇಷನ್ನಿನ ಕಡೆ ಹೋಗಿ ವಡೆ ತಿಂದು, ಇಸ್ಪೀಟಾಡಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ. ಅದು ಮರ್ಯಾದೆ. ಕಚೇರಿಯವರ ಜೊತೆ ಲಾರಿ ಹತ್ತಿ ಬ್ಲಫ್ ಎಂಬ ಊರಿಗೆ ಜಲಪಾತ ನೋಡಲು ಹೋದದ್ದೂ ಮರ್ಯಾದೆಯೇ. ನಾವೂ ಬರುತ್ತೇವೆಂದು ಮಕ್ಕಳು ಅತ್ತಾಗ, ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ ಎಂದಿದ್ದ. ಹೆಂಡತಿಯ ಕಾಲು ಹೊಳೆಯಲ್ಲಿ ನೆನೆದರೆ ಮಾತ್ರ ಹೋಗುವಂಥ ಮರ್ಯಾದೆ ಅದು.

"ಕಷ್ಟ ಅಂದ್ಕಂಡ್ರಾ ನನ್ಗೆ?"

"ಮತ್ತೆ? ಕಂಬ್ಳಿ ಒಗೆಯಾದು ಸುಖವಾ?"

ಅವನು ನಿಜವಾಗಿಯೂ ಕೇಳುತ್ತಿದ್ದ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವನಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಮರ್ಯಾದೆಯ ಮಾತಿಗಿಂತ ಇದೇ ಹೆಚ್ಚು ಸಿಟ್ಟು ತರಿಸಿತು.

"ಅವ್ವ, ಒಳೆಗೆ ಓಗಲ್ವಾ?" ದೊಡ್ಡ ಮಗಳು ಸೆರಗು ಜಗ್ಗಿದಳು. ಬೀದಿಯಿಂದ ಹಬೀಬುನ್ನೀಸಾಳ ದನಿ ಬಂತು. "ದೇವಿರಕ್ಕಾ, ಬಂದ್ಯಾ? ಎಲ್ಲಾರೂ ಹೊಂಟವ್ರೆ."

ದೇವಿರಮ್ಮ ಜಮಖಾನ ಹಾಸಿ, ಕಂಬಳಿಯನ್ನೂ ದುಪ್ಪಟಿಗಳನ್ನೂ ಮಡಿಕೆ ಸಮೇತ ಅದರೊಳಗೆ ಎತ್ತಿ ಹಾಕಿ ಬಿಗಿಯಾಗಿ ಗಂಟು ಕಟ್ಟಿದಳು.

"ಒಗ್ದಿರಾದ್ನ ಎಲ್ಲಿಗ್ ಎತ್ತೀಯೆ? ತಲೆ ಕೆಟ್ಟದಾ ನಿಂಗೆ?"

"ಲಾಂಡ್ರಿಯೋನು ಸರ್ಯಾಗಿ ಒಗ್ದಿಲ್ಲ."

"ಎಲ್ಲದೆ ಕೊಳೆ? ತೋರ್ಸು."

"ಒಳೆತಕ್ಕೆ ಬನ್ನಿ, ತೋರ್ಸ್ತೀನಿ."

ಅವನು ಗಡ್ಡದ ಕತ್ತಿ ಹಿಡಿದುಕೊಂಡೇ ಬಾಗಿಲಿನವರೆಗೆ ಓಡಿಬಂದ. ಹೊರಗೆ ಬೀದಿಯ ಹೆಂಗಸರೆಲ್ಲ ಗಂಟು ಹೊತ್ತು ನಿಂತಿದ್ದರು. ಅವನ ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ಸೋಪು. ಹೆಡ್ ಗುಮಾಸ್ತರು ಹೊಸಿಲು ದಾಟಲಿಲ್ಲ. ದೇವಿರಮ್ಮ ಗಂಟನ್ನು ತಲೆಗೇರಿಸಿಕೊಂಡು, ಬುತ್ತಿಯನ್ನು ಮಗಳ ಕೈಗೆ ಕೊಟ್ಟು ಮೆಟ್ಟಿಲಿಳಿದಳು.

ಹೊಳೆಯಲ್ಲಿ ದುಪ್ಪಟಿಯ ಇಸ್ತ್ರಿಯ ಗೆರೆ ಒಂದು ಗಳಿಗೆ ನೆಟ್ಟಗೆ ತೇಲಿ, ಆಮೇಲೆ ಬಿಚ್ಚಿಕೊಂಡಿತು. ಸೇತುವೆಯ ಮೇಲೆ ಯಾವುದೋ ಜೀಪು ಹೋಯಿತು. ಅವಳು ತಲೆ ಎತ್ತಲಿಲ್ಲ.

ಮಧ್ಯಾಹ್ನ ಬುತ್ತಿ ಮುಗಿದು, ಮಕ್ಕಳು ಮರಳಲ್ಲಿ ಗೂಡು ಕಟ್ಟುವ ಹೊತ್ತಿಗೆ ಕಂಬಳಿ ಒಣಗುತ್ತ ಬಂದಿತ್ತು. ಹಬೀಬುನ್ನೀಸಾ ಚೊಂಬಿಗಾಗಿ ಸುತ್ತ ಹುಡುಕಿದಳು. ಅದು ದೇವಿರಮ್ಮನ ಕೈಯಲ್ಲಿತ್ತು, ತುಂಬಿತ್ತು.