ಏಳನೇ ನಿಯಮ

ನಮ್ಮ ಬಿಸ್ಕತ್ತು ಕಾರ್ಖಾನೆಯ ಒಲೆಯ ಕಾವಿಗೆ ಗೋಡೆಯ ಹಲ್ಲಿಯೂ ಬೆವರು ಒರೆಸಿಕೊಳ್ಳುತ್ತಿತ್ತು. ಅಲ್ಲಿ ಹನ್ನೊಂದು ವರ್ಷ ಹಿಟ್ಟು ನಾದಿದವನು ನಾನು. ಅಷ್ಟನ್ನೂ ಲಟ್ಟಿಸಿದರೆ ಚಂದ್ರನಿಗೊಂದು ಕಂಬಳಿಯಾದೀತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಹೊರದೇಶಕ್ಕೆ ಬಿಸ್ಕತ್ತು ಕಳಿಸಲು ಸಾಹುಕಾರರಿಗೆ ಹಲಾಲ್ ಪ್ರಮಾಣಪತ್ರ ಬೇಕಿತ್ತು. ಪರೀಕ್ಷಕರ ಕಚೇರಿಯಿಂದ ಬಂದ ಹತ್ತು ನಿಯಮಗಳನ್ನು ನಮಗೆ ವಾರವಿಡೀ ಉರು ಹೊಡೆಸಿದರು. ನಾನಂತೂ ಹತ್ತರಿಂದ ಒಂದಕ್ಕೂ ಒಪ್ಪಿಸುತ್ತಿದ್ದೆ, ನಿದ್ದೆಯಲ್ಲಿ.

ಅದೇ ವಾರ ಹಿಟ್ಟು ಕತ್ತರಿಸುವ ಬ್ಲೇಡು ಅಲ್ಲೇ ಕೆಲಸಕ್ಕಿದ್ದ ನನ್ನ ಚಿಕ್ಕಮ್ಮನ ಹೆಬ್ಬೆರಳು ಸೀಳಿತು. ಹರಿದ ರಕ್ತದಲ್ಲಿ ದೋಣಿ ಬಿಡಬಹುದಿತ್ತು.

“ನಾಲ್ಕು ದಿನ ರಜೆ ಕೊಡಿ, ಸಾಹುಕಾರ್ರೇ.”

“ರಜೆ ಕೊಡ್ತೀನಮ್ಮ, ಸಂಬಳ ಕೊಡಲ್ಲ. ಎರಡು ಗ್ಲೌಸ್ ಹಾಕ್ಕೋ, ಯಾರಿಗೆ ಕಾಣುತ್ತೆ?”

ಹಾಕಿಕೊಂಡಳು. ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಪರೀಕ್ಷಕರು ಬಂದರು. ಮೆತ್ತಗಿನ ಮಾತಿನ, ಸೂಜಿಗಣ್ಣಿನ ಮನುಷ್ಯ. ಎಣ್ಣೆ ಡಬ್ಬ ಮೂಸಿದರು. ಬೆಣ್ಣೆ ಸವರುವ ಬ್ರಷ್ಷಿನ ಕೂದಲು ಹಂದಿಯದಲ್ಲವಷ್ಟೇ ಎಂದು ಜಗ್ಗಿ ನೋಡಿದರು. ಸಾಹುಕಾರರು ಹಿಂದಿನ ದಿನವೇ ಬ್ರಷ್ಷು ಬದಲಿಸಿದ್ದರು. ಬೆರಳು ಬದಲಿಸುವುದು ಮರೆತಿತ್ತು.

“ಏಳನೇ ನಿಯಮ ಹೇಳಮ್ಮ,” ಎಂದರು ಪರೀಕ್ಷಕರು, ಚಿಕ್ಕಮ್ಮನಿಗೆ.

“ಕೈಗೆ ಗಾಯವಾದರೆ ಕೆಲಸ ನಿಲ್ಲಿಸತಕ್ಕದ್ದು. ವಾಸಿಯಾಗುವವರೆಗೆ ಸಂಬಳ ಸಹಿತ ರಜೆ.”

ಒಂದಕ್ಷರ ತಪ್ಪಲಿಲ್ಲ. ಸಾಹುಕಾರರು ಮೂವತ್ತೆರಡೂ ಹಲ್ಲು ಬಿಟ್ಟರು.

“ಯಾಕೆ?” ಪರೀಕ್ಷಕರು ಕೇಳಿದರು.

“ರಕ್ತ ಬಿದ್ರೆ ಹಿಟ್ಟೆಲ್ಲ ಹರಾಮು ಸ್ವಾಮಿ.” ಒಂದು ಗ್ಲೌಸ್ ತೆಗೆದಳು. ಇನ್ನೊಂದು ತೆಗೆದಳು. ಬೆರಳಿಗೆ ಸುತ್ತಿದ್ದ ಬಟ್ಟೆ ಕೆಂಪಗಿತ್ತು. “ಅದಕ್ಕೇ ನಾನೀಗ ಹೊರಟೆ.”

ಒಲೆಯೇ ತಣ್ಣಗಾಯಿತು, ನಾನು ಮುಟ್ಟಿ ನೋಡಿದೆ.

ಪರೀಕ್ಷಕರು ಅಂದಿನ ಹಿಟ್ಟನ್ನೆಲ್ಲ ಚೆಲ್ಲಿಸಿದರು. “ಬಾಯಿಪಾಠ ಚೆನ್ನಾಗಿದೆ. ನಡೆಸೋದು ಕಂಡ ಮೇಲೆ ಸಹಿ. ಮುಂದಿನ ತಿಂಗಳು ಬರ್ತೀನಿ,” ಎಂದು ಹೋದರು.

“ಅಯ್ಯೋ ಮಾರಾಯ್ತಿ! ಅದು ಅವರ ಮುಂದೆ ಹೇಳೋಕಷ್ಟೇ ಕಲಿಸಿದ್ದು!” ಸಾಹುಕಾರರು ತಲೆ ಚಚ್ಚಿಕೊಂಡರು.

“ಹಾಗಂತ ಯಾವ ನಿಯಮದಲ್ಲೂ ಇರ್ಲಿಲ್ವಲ್ಲ, ಸಾಹುಕಾರ್ರೇ?”

ಮರುದಿನ ಬೆಳಿಗ್ಗೆ ನಾವು ಹದಿನಾರು ಜನ ಗೇಟಿನ ಬಳಿ ಬರಿಗೈ ಚಾಚಿ ಸಾಲಾಗಿ ನಿಂತೆವು. ಸುಟ್ಟದ್ದು, ಕೊಯ್ದದ್ದು, ಬಿರಿದು ಕೀವಾದದ್ದು. ಇಷ್ಟು ವರ್ಷ ಗ್ಲೌಸಿನೊಳಗೆ ಒಬ್ಬರದನ್ನು ಒಬ್ಬರು ನೋಡಿಯೇ ಇರಲಿಲ್ಲ. ಇಲ್ಲಿ ನಾನು ಒಂದಿಷ್ಟೂ ಉಬ್ಬಿಸಿ ಹೇಳುತ್ತಿಲ್ಲ.

ಸಾಹುಕಾರರು ಒಂದೊಂದೇ ಕೈ ನೋಡುತ್ತ ಕೊನೆಗೆ ಬಂದರು. ಅಲ್ಲಿ ನೆಟ್ಟಗಿದ್ದ ಕೈ ಎರಡೇ, ಅವರವು. ಒಳಗೆ ಹಿಟ್ಟಿನ ಮೂಟೆಗಳು ಕಾಯುತ್ತಿದ್ದವು.

ರಜೆ ಚೀಟಿಗೆ ಸಹಿ ಹಾಕಿಸಲು ಬಂದಿದ್ದ ಚಿಕ್ಕಮ್ಮ ತನ್ನ ಏಪ್ರನ್ ಮುಂದೆ ಹಿಡಿದಳು.

“ಕಟ್ಕೊಳ್ಳಿ ಸಾಹುಕಾರ್ರೇ. ಉಗುರು ಮಾತ್ರ ಕತ್ತರಿಸ್ಕೊಂಡು ಹೋಗಿ, ಅದು ಮೂರನೇ ನಿಯಮ.”