ನಲವತ್ತು ಎಣಿಸುವಷ್ಟು ಹೊತ್ತು

ಚುಕ್ಕಿಗೆ ಮೂರು ವರ್ಷವಾಗಿದ್ದಾಗ ಅವಳ ಅಮ್ಮ ಒಂದು ಮಾತು ಕೊಟ್ಟಿದ್ದಳು: "ಇನ್ಮೇಲೆ ನಿನ್ನ ಮಾತನ್ನ ನಾನು ಆಡಲ್ಲ ಕಣೇ."

ಅಂದು ಮಗು ನೀರಿನ ಹೂಜಿಯತ್ತ ಬೆರಳು ಮಾಡಿ "ನೀ... ನೀ..." ಎನ್ನುತ್ತಿತ್ತು. ಅಮ್ಮ ಓಡಿ ಹೋಗಿ ಲೋಟ ತುಂಬಿ ತಂದಳು. ಮಗು ಲೋಟ ತಳ್ಳಿತು. ಮತ್ತೆ "ನೀ..." ಎಂದಾಗ ಅಮ್ಮ ಮತ್ತೆ "ನೀರಮ್ಮಾ, ನೀರು" ಎಂದಳು. ಮಗು ಅಳುತ್ತ ತನ್ನ ಪುಟ್ಟ ಅಂಗೈಯನ್ನು ಅಮ್ಮನ ಬಾಯಿಗೆ ಒತ್ತಿ ಹಿಡಿಯಿತು. ಬಹಳ ಹೊತ್ತಿನ ಮೇಲೆ ಮಾತು ಹೊರಬಂತು. "ನೀ...ಲಿ." ಕಿಟಕಿಯ ಗಾಜಿನಿಂದ ಇಳಿದ ಒಂದು ಚೂರು ಬೆಳಕು ಹೂಜಿಯ ಹೊಟ್ಟೆಯ ಮೇಲೆ ನೀಲಿಯಾಗಿ ಅಲುಗುತ್ತಿತ್ತು. ಅದನ್ನು ತೋರಿಸಲು ಮಗು ಅಷ್ಟು ಹೆಣಗಿತ್ತು.

ಕೊಟ್ಟ ಮಾತು ಮರುದಿನ ಹಾಲಿನವನು ಬರುವವರೆಗೂ ಬಾಳಲಿಲ್ಲ. "ತಿಂಡಿ ಆಯ್ತಾ ಪುಟ್ಟೀ?" ಎಂದು ಅವನು ಕೇಳಿದ. "ಆಯ್ತು, ಆಯ್ತು" ಎಂದು ಅಮ್ಮನೇ ಹೇಳಿ ಬಾಗಿಲು ಹಾಕಿಕೊಂಡಳು. ಕೆಲಸಕ್ಕೆ ಹೊತ್ತಾಗಿತ್ತು. ಆಮೇಲೂ ದಿನಾ ಹೊತ್ತಾಗುತ್ತಲೇ ಇತ್ತು.

ಈಗ ಚುಕ್ಕಿಗೆ ಏಳು, ಎರಡನೇ ತರಗತಿ. "ಬುದ್ಧಿ ಚುರುಕಾಗಿದೆ. ಮಾತು ನಾಲಿಗೆಗೆ ಬರೋ ದಾರಿ ಸ್ವಲ್ಪ ಉದ್ದ. ಕಾಯಬೇಕು, ಅಷ್ಟೆ" ಎಂದಿದ್ದರು ಡಾಕ್ಟರು. ಆ 'ಅಷ್ಟೆ' ಎಷ್ಟು ಎಂದು ಅವರು ಹೇಳಿರಲಿಲ್ಲ.

ಅಮ್ಮನ ಕೆಲಸ ಪುಸ್ತಕ ಕಟ್ಟುವ ಅಂಗಡಿಯಲ್ಲಿ. ಹಾಳೆ ಮಡಿಸುವುದು, ಬೆನ್ನಿಗೆ ಹೊಲಿಗೆ ಹಾಕುವುದು, ರಟ್ಟು ಅಂಟಿಸುವುದು. ಕತ್ತರಿಸಿದ ಅಂಚಿನ ಚೂರುಗಳು ಕಿಟಕಿಯ ಬಿಸಿಲಿನಲ್ಲಿ ತೇಲುತ್ತ, ಎಲ್ಲೂ ಇಳಿಯಲು ಮನಸ್ಸಿಲ್ಲದಂತೆ ಸುಳಿಯುತ್ತಿದ್ದವು. ಅಂಗಡಿಯ ಹಿರಿಯನನ್ನು ಎಲ್ಲರೂ ಗೋಂದಜ್ಜ ಎನ್ನುತ್ತಿದ್ದರು. ಆತ ಮೊದಲ ದಿನವೇ ಹೇಳಿಕೊಟ್ಟಿದ್ದ: "ಅಂಟು ಹಚ್ಚಿ ಒತ್ತಿದ ಮೇಲೆ ಕೈ ಕಟ್ಕೊಂಡು ನಲವತ್ತು ಎಣಿಸು ತಾಯಿ. ಮೂವತ್ತೊಂಬತ್ತಕ್ಕೆ ಮುಟ್ಟಿದ್ರೆ ಮೂರೇ ದಿನಕ್ಕೆ ಪುಸ್ತಕ ಬಾಯಿ ಬಿಡುತ್ತೆ. ಆಮೇಲೆ ನಾನು ಬಾಯಿ ಬಡ್ಕೋಬೇಕಾಗುತ್ತೆ." ಅಂಗಡಿಯಲ್ಲಿ ಅವಳು ಒಂದು ದಿನವೂ ಆ ಎಣಿಕೆ ತಪ್ಪಿಸಲಿಲ್ಲ. ಮನೆಯಲ್ಲಿ, ಮಗಳ ಬಾಯಿಯ ಮುಂದೆ, ಮೂರರಾಚೆ ಹೋಗಿದ್ದೇ ಇಲ್ಲ.

ಒಂದು ರಜೆಯ ಮಧ್ಯಾಹ್ನ ಮಗಳ ಪುಸ್ತಕಗಳಿಗೆ ಬೈಂಡ್ ಹಾಕಲು ಕುಳಿತಾಗ ಓದುವ ಪುಸ್ತಕದ ಚೀಟಿ ಕಣ್ಣಿಗೆ ಬಿತ್ತು. ಹೆಸರಿನ ಜಾಗದಲ್ಲಿ, ಪೆನ್ಸಿಲಿನ ದುಂಡು ಅಕ್ಷರದಲ್ಲಿ, 'ಪಾಪ' ಎಂದಿತ್ತು.

"ಇದೇನೇ ಇದು? ಪಾಪು ಅಂತ ಬರೆಯಕ್ಕೆ ಹೋಗಿ ಕೊಂಬು ಮರೆತ್ಯಾ?"

ಚುಕ್ಕಿ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಯಾರಾದ್ರೂ ತರಲೆಗಳು ಬರೆದ್ರಾ?"

ಅದಕ್ಕೂ ತಲೆಯಾಡಿಸಿದಳು. ಅಮ್ಮನ ಊಹೆಗಳು ಮುಗಿದ ಮೇಲೆ ಮಗಳ ಮಾತಿಗೆ ಜಾಗವಾಯಿತು. "ಟೀ...ಚರ್... ಹಾಗೇ... ಕರೀ...ತಾರೆ."

ತುಂಡು ತುಂಡಾಗಿ ಸಂಗತಿ ಹೊರಬಂತು. ಟೀಚರು ಸಾಲಾಗಿ ಎಲ್ಲರನ್ನೂ ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ. ಚುಕ್ಕಿಯ ಸರದಿ ಬಂದಾಗ, "ಪಾಪ, ನೀನು ಕೂತ್ಕೋ" ಎನ್ನುತ್ತಾರೆ. ಮನೆಯಲ್ಲಿ ಚುಕ್ಕಿ ಇದ್ದ ಹಾಗೆ ಶಾಲೆಯಲ್ಲಿ ಪಾಪ ಎಂದು ಅವಳು ತಿಳಿದುಕೊಂಡಿದ್ದಳು. "ಬೇರೆ... ಯಾರಿ...ಗೂ... ಆ ಹೆಸರು... ಇಲ್ಲ" ಎಂದಳು. ಮುಖದಲ್ಲಿ ಸಣ್ಣ ಜಂಬವೂ ಇತ್ತು.

ಅದೇ ಪುಸ್ತಕದೊಳಗೆ ಮಡಿಸಿಟ್ಟ ಕಾಗದ ಸಿಕ್ಕಿತು. ಓದುವ ಪೀರಿಯಡ್ಡಿನಲ್ಲಿ ಚುಕ್ಕಿಯನ್ನು ಇನ್ನು ಮುಂದೆ ಪಕ್ಕದ ಆಟದ ಕೋಣೆಯಲ್ಲಿ ಕೂರಿಸುವುದಾಗಿಯೂ, ಮನೆಯವರು ಬಂದು ಸಹಿ ಹಾಕಬೇಕೆಂದೂ ಬರೆದಿತ್ತು.

ಮರುದಿನ ಅಮ್ಮ ಬೇಗ ಕೆಲಸ ಬಿಟ್ಟು ಬಂದಾಗ ಶಾಲೆ ಖಾಲಿಯಾಗಿತ್ತು. ತರಗತಿಯಲ್ಲಿ ಟೀಚರು ಮತ್ತು ಚುಕ್ಕಿ ಇಬ್ಬರೇ. ಸಂಜೆಯ ಬೆಳಕಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು, ಅಂಗಡಿಯ ಕಾಗದದ ಚೂರುಗಳೇ ದಾರಿ ತಪ್ಪಿ ಇಲ್ಲಿಗೆ ಬಂದ ಹಾಗೆ.

"ನಾನೇನು ಕಲ್ಲೆದೆಯವಳಲ್ಲಮ್ಮಾ" ಎಂದರು ಟೀಚರು. "ನಲವತ್ತೆರಡು ಮಕ್ಕಳು, ಮೂವತ್ತೈದು ನಿಮಿಷ. ಇವಳು ಬಾಯಿ ತೆರೆಯೋದ್ರೊಳಗೆ ಹಿಂದಿನ ಬೆಂಚು ಕಿಸಿಕಿಸಿ ಅನ್ನುತ್ತೆ. ಇವಳ ಮುಖ ಬಾಡೋದು ನೋಡಕ್ಕಾಗಲ್ಲ ನನಗೆ. ಆ ಕೋಣೇಲಿ ಬಣ್ಣದ ಮಣಿ ಇದೆ, ಗೊಂಬೆ ಇದೆ. ನೆಮ್ಮದಿಯಾಗಿರ್ತಾಳೆ."

"ನೆಮ್ಮದಿಯಾಗಿರಕ್ಕೆ ಮನೆ ಇದೆ ಟೀಚರ್. ಇಲ್ಲಿಗೆ ಕಳಿಸೋದು ಕಲಿಯಕ್ಕೆ."

"ಕಲಿಸೋ ಆಸೆ ನನಗಿಲ್ವಾ? ಹೊತ್ತು ಎಲ್ಲಿಂದ ತರಲಿ, ನೀವೇ ಹೇಳಿ."

ಅಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇದು ಅವಳ ಶಾಲೆಯ ಹೆಸರಂತೆ. ನೀವು ಇಟ್ಟಿದ್ದಂತೆ."

ಟೀಚರು ಚೀಟಿ ಓದಿದರು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಓದಿದರು. ಆಮೇಲೆ ಬಾಗಿ ಚುಕ್ಕಿಯನ್ನೇ ಕೇಳಿದರು. "ನೀನು ಹೇಳು ಪುಟ್ಟಾ. ಆ ಕೋಣೇಲಿ ಕೂರಕ್ಕೆ ನಿಂಗೆ ಇಷ್ಟಾನಾ?"

"ಇಷ್ಟ ಇಲ್ಲ ಅವಳಿಗೆ" ಎಂದಳು ಅಮ್ಮ.

ಟೀಚರು ತಲೆಯೆತ್ತಿ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಅವಳನ್ನ ಕೇಳಿದ್ದು. ನೀವೂ ಕಾಯಲಿಲ್ಲವಲ್ಲಮ್ಮಾ."

ತುಟಿಯ ಮೇಲೆ ಒಂದು ಪುಟ್ಟ ಅಂಗೈ ಬಂದು ಕೂತಂತಾಯಿತು ಅಮ್ಮನಿಗೆ. ನಾಲ್ಕು ವರ್ಷದ ಹಿಂದಿನ ಅದೇ ಒದ್ದೆ ಅಂಗೈ.

"ಇನ್ನೊಂದು ಸಲ ಕೇಳಿ ಟೀಚರ್" ಎಂದಳು. "ನಾನು ಬಾಯಿ ಬಿಡಲ್ಲ. ನಲವತ್ತು ಎಣಿಸೋಣ. ಅಷ್ಟರಲ್ಲಿ ಅವಳೇನೂ ಹೇಳದಿದ್ರೆ ನೀವು ತೋರಿಸಿದ ಕಡೆ ಸಹಿ ಹಾಕ್ತೀನಿ."

ಟೀಚರು ಮತ್ತೆ ಕೇಳಿದರು. ಅಮ್ಮ ಕೈ ಕಟ್ಟಿಕೊಂಡಳು. ಒಂದು, ಎರಡು. ಹತ್ತರ ಹೊತ್ತಿಗೆ ಮಗಳ ತುಟಿ ಅಲುಗಿತು, ನಿಂತಿತು. ಹದಿನೈದಕ್ಕೆ ಉತ್ತರ ಅಮ್ಮನ ನಾಲಿಗೆಯ ತುದಿಗೇ ಬಂದು ಕುಣಿಯಿತು. ಅವಳು ದಾರ ಕಚ್ಚುವ ಹಾಗೆ ಹಲ್ಲು ಕಚ್ಚಿದಳು. ಇಪ್ಪತ್ತರ ನಂತರ ಕೋಣೆ ನಿಧಾನಕ್ಕೆ ನೀರಿನೊಳಗೆ ಇಳಿದಂತೆ ಕಂಡಿತು. ಬೆಂಚುಗಳು, ಗೋಡೆಯ ಅಕ್ಷರಮಾಲೆ, ಟೀಚರ ಕನ್ನಡಕ, ಎಲ್ಲ ತೆಳು ನೀಲಿಯಲ್ಲಿ ಅಲುಗಿದವು. ಆ ಕೊಳದ ತಳದಿಂದ ಒಂದು ಮೀನು ಮೇಲೇರುತ್ತಿತ್ತು, ತನ್ನದೇ ಗತಿಯಲ್ಲಿ. ಕೈ ಹಾಕಿದರೆ ತಿರುಗಿ ಹೋದೀತು. ಮೂವತ್ತು. ಮೂವತ್ತೈದು. ಮೂವತ್ತೆಂಟು.

"ಆ ಕೋಣೇಲಿ..." ಎಂದಳು ಚುಕ್ಕಿ. "ನಂಗೆ... ಪ್ರ...ಶ್ನೆ... ಯಾರು... ಕೇ...ಳ್ತಾರೆ?"

ಅಮ್ಮ ಹೇಳಬೇಕೆಂದಿದ್ದ ಉತ್ತರ ಇದರ ಹತ್ತಿರಕ್ಕೂ ಬರುವಂಥದ್ದಾಗಿರಲಿಲ್ಲ.

ಟೀಚರು ಸಹಿಯ ಕಾಗದವನ್ನು ಮಡಿಸಿ ಡ್ರಾಯರಿನೊಳಗೆ ತಳ್ಳಿದರು. "ನಾಳೆ ಪ್ರಶ್ನೆ ಕೇಳ್ತೀನಿ ನಿಂಗೆ. ಕೇಳಿ, ಬೋರ್ಡ್ ಒರೆಸ್ತಾ ಇರ್ತೀನಿ. ನಾನು ಒರೆಸಿ ತಿರುಗೋ ಹೊತ್ತಿಗೆ ಹೇಳು."

"ತಿರುಗಿದ ಮೇಲೂ ಬೇಕಾಗಬಹುದು ಟೀಚರ್."

"ಆಗ ಇನ್ನೊಂದ್ಸಲ ಒರೆಸ್ತೀನಿ. ಹೇಗೂ ನನ್ನ ಬೋರ್ಡು ಗಲೀಜು ಅಂತ ಹೆಡ್ ಮೇಡಂ ಬೈತಾನೇ ಇರ್ತಾರೆ."

"ಹಿಂದಿನ ಬೆಂಚು?"

"ಅದನ್ನ ನನಗೆ ಬಿಡಿ."

ಹೊಸ ಚೀಟಿ ಬರೆದು ಹಳೆಯದರ ಮೇಲೆ ಅಂಟಿಸಿದ್ದೂ ಟೀಚರೇ. ಶಾಲೆಯ ಹೆಸರು ಹೋದದ್ದಕ್ಕೆ ಚುಕ್ಕಿಗೆ ಕೊಂಚ ಬೇಸರವಾದಂತಿತ್ತು. ಅಮ್ಮ ಅಭ್ಯಾಸಬಲದಿಂದ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಕೈ ಕಟ್ಟಿ ನಿಂತಳು.

ಮನೆಗೆ ಹೋಗುವ ಬಸ್ಸಿನಲ್ಲಿ ಚುಕ್ಕಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದವನು ನಕ್ಕು ಅವಳನ್ನೇ ಕೇಳಿದ. "ಎಲ್ಲಿ ಇಳೀತೀಯ ಪುಟ್ಟೀ?"

ಚುಕ್ಕಿಯ ತುಟಿ ಅಲುಗಿತು. ಕಂಡಕ್ಟರ್ ಅಮ್ಮನ ಮುಖ ನೋಡಿದ. ಅಮ್ಮ ಕಿಟಕಿಯಾಚೆ ನೋಡಿದಳು. ಬೀದಿಯ ಅಂಗಡಿಗಳು ಒಂದೊಂದಾಗಿ ಹಿಂದೆ ಸರಿದವು. ದೊಡ್ಡ ಗಡಿಯಾರದ ಕಂಬ ಹತ್ತಿರವಾಯಿತು, ಕಿಟಕಿಯ ತುಂಬ ನಿಂತಿತು, ಮುಳ್ಳುಗಳನ್ನು ಹೊತ್ತುಕೊಂಡು ಮೆಲ್ಲಗೆ ತೇಲಿಹೋಯಿತು.

"ಗ...ಡಿಯಾರದ... ಹತ್ರ" ಎಂದಳು ಚುಕ್ಕಿ.

"ಅಯ್ಯೋ, ಅದು ಹಿಂದೆ ಹೋಯ್ತಲ್ಲಮ್ಮಾ" ಎಂದ ಕಂಡಕ್ಟರ್. ಅಮ್ಮನ ಕಡೆ ತಿರುಗಿದ. "ನಿಮಗಾದ್ರೂ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಮುಂದಿನ ನಿಲ್ದಾಣದಲ್ಲಿ ಇಳಿದು ಇಬ್ಬರೂ ಹಿಂದಕ್ಕೆ ನಡೆದರು. ನಾಲ್ಕು ವರ್ಷದ ಹಿಂದೆ ಕೊಟ್ಟ ಮಾತನ್ನು ಅಮ್ಮ ಆ ಸಂಜೆ ಉಳಿಸಿಕೊಂಡಳು.