ದೇಶ ಹೊತ್ತ ಹರಕೆ

ನಮ್ಮ ಬಮ್ಮಿಗಟ್ಟಿಯಲ್ಲಿ ಗೋವಿನಜೋಳದ ತೆನೆ ಮುರಿದಾಯಿತು ಎಂದರೆ ಊರ ಮೇಲೆ ಹೊಗೆ ಎದ್ದಿತೆಂದೇ ಲೆಕ್ಕ. ಒಣಗಿದ ದಂಟಿಗೆ ಕಡ್ಡಿ ಗೀರಿದರೆ ಹೊಲ ಸ್ವಚ್ಛ, ಕಡಲೆ ಬಿತ್ತುವುದು ಸಸಾರ. ಹೋದ ವರ್ಷದವರೆಗೆ ನಮ್ಮನೆಯವರೂ ಅದನ್ನೇ ಮಾಡಿದ್ದಾರೆ. ಸುಳ್ಳೇಕೆ ಹೇಳಲಿ.

ಈ ಸಲ ನಮ್ಮ ಎದುರುಮನೆಯ ಮಡಿವಾಳೆಪ್ಪ ಕಾಕಾನ ಸರದಿ. ಅವರ ಹೊಲ ಹಿತ್ತಲಿಗೇ ಹತ್ತಿಕೊಂಡಿದೆ. ಮನೆಯಲ್ಲಿ ಮಗಳು ಸೌಂದರ್ಯಾ ಬಾಣಂತಿ, ಕೂಸಿಗೆ ಇಪ್ಪತ್ತು ದಿನ. ಹಿಂದಿನ ದಿನ ಬಾಜು ಹೊಲ ಸುಟ್ಟಾಗಲೇ ಆ ಕೂಸು ಕೆಮ್ಮಿ ಕೆಮ್ಮಿ ಹಾಲು ಕುಡಿಯುವುದನ್ನೇ ಬಿಟ್ಟಿತ್ತು. "ಇವತ್ತೊಂದು ದಿನ ಬಾಗಲಾ ಹಾಕ್ಕೊಂಡು ಕೂಡ್ರಿ," ಎಂದು ಹೇಳಿ ಕಾಕಾ ಕಡ್ಡಿಪೆಟ್ಟಿಗೆ ಹಿಡಿದು ಹೊರಟರು.

ಅವರ ಹೆಂಡತಿ ಅನ್ನವ್ವ ಓಡಿಬಂದು ನನ್ನನ್ನೂ ಮುಬಶಿರಾಳನ್ನೂ ಕರೆದಳು. ಮುಬಶಿರಾ ನಮ್ಮ ಮಹಿಳಾ ಸಂಘದ ಕೃಷಿ ಸಖಿ. ತರಬೇತಿಗೆ ಹೋಗಿ ಬಂದು ರೈತರಿಗೆ ತಿಳಿಸಿ ಹೇಳುವವಳು.

"ಕಾಕಾ, ಸುಡಬ್ಯಾಡ್ರಿ," ಎಂದು ಹಿತ್ತಲ ಬಾಗಿಲಲ್ಲೇ ಅವರನ್ನು ತಡೆದಳು ಮುಬಶಿರಾ. "ಕೂಸಿಗೂ ತ್ರಾಸ, ಭೂಮಿಗೂ ತ್ರಾಸ. ಭೂಮಿ ಕಾವು ಒಂದೂವರಿ ಡಿಗ್ರಿಗಿಂತ ಹೆಚ್ಚ ಏರಬಾರದು ಅಂತ ದೇಶಗಳೆಲ್ಲಾ ಕೂಡಿ ಗುರಿ ಇಟ್ಟಾವ. ನಮ್ಮ ದೇಶಾನೂ ಹೊಗಿ ಕಡಿಮಿ ಮಾಡತೀನಿ ಅಂತ ಮಾತ ಕೊಟ್ಟೈತಿ."

"ಒಂದೂವರಿ ಡಿಗ್ರಿ? ಮುಂಜಾನಿ ನಾ ಕಂಬಳಿ ಹೊತ್ತ ಹೊಲಕ್ಕ ಹೋಗತೀನಿ, ಮಧ್ಯಾಹ್ನ ಅಂಗಿ ಕಳದ ಒಗಿತೀನಿ. ಒಂದ ದಿನದಾಗ ಹದಿನೈದು ಡಿಗ್ರಿ ಏರತೈತಿ. ಒಂದೂವರಿಗೆ ಯಾಕಿಷ್ಟ ಗದ್ದಲ?"

ನನಗೂ ಹಾಗೇ ಅನಿಸಿತು.

"ಅದು ನಮ್ಮೂರಿನ ಒಂದು ದಿನದ ಬಿಸಲಲ್ರಿ. ಸಮುದ್ರ, ಹಿಮದ ಗುಡ್ಡ ಎಲ್ಲಾ ಹಿಡದು ಇಡೀ ಭೂಮಿದು, ವರ್ಷಾನಗಟ್ಟಲೆ ಸರಾಸರಿ. ಕಾರಖಾನಿ ಹೊಗಿ ಶುರುವಾಗೂಕಿಂತ ಮೊದಲ ಎಷ್ಟಿತ್ತೋ ಅದರ ಮ್ಯಾಲ ಒಂದೂವರಿ. ಅದನ್ನ ದಾಟಿದಷ್ಟೂ ಮಳಿ ಹದ ತಪ್ಪತೈತಿ."

"ಹಂಗಾದ್ರ ಈ ಸಲ ಮಳಿ ಹೊಡದು ನನ್ನ ತೆನಿ ಹೊಲದಾಗ ಮೊಳಿ ಒಡದದ್ದೂ ಅದಕ್ಕೇನು?"

"ಒಂದ ಮಳಿ ಹಿಡದು ಹಂಗ ಹೇಳಾಕ ಬರಂಗಿಲ್ರಿ. ಅಂಥ ಮಳಿ ಹೆಚ್ಚಾಗತಾವ ಅಂತ ಹೇಳಬಹುದು."

"ನೋಡ, ಹೌದೂ ಅನ್ನಂಗಿಲ್ಲ, ಅಲ್ಲಾನೂ ಅನ್ನಂಗಿಲ್ಲ," ಎಂದು ಕಾಕಾ ನನ್ನತ್ತ ತಿರುಗಿದರು. ಮತ್ತೆ ಮುಬಶಿರಾಳನ್ನೇ ಕೇಳಿದರು: "ಮತ್ತ ಎಲ್ಲಾ ದೇಶ ಮಾತ ನಡಿಸಿದ್ರ ಒಂದೂವರಿಗೆ ನಿಲ್ಲತೈತೇನು?"

ಮುಬಶಿರಾ ಮುಚ್ಚಿಡಲಿಲ್ಲ. "ಈಗ ಕೊಟ್ಟ ಮಾತ ಸಾಲಂಗಿಲ್ಲಂತ್ರಿ. ಎಲ್ಲಾ ನಡಿಸಿದ್ರೂ ಎರಡು ಡಿಗ್ರಿ ದಾಟತೈತಿ ಅಂತಾರ ತಿಳದವರು."

"ಅಂದ ಮ್ಯಾಲ ನನ್ನ ಎರಡೆಕರೆ ದಂಟಿಂದ ಏನಾತು? ದೊಡ್ಡ ದೇಶದವರು ನೂರಾರ ವರ್ಷ ಹೊಗಿ ಬಿಟ್ಟಾರ, ಅವರಿಗೆ ಹೋಗಿ ಹೇಳು. ನಾ ಯಾರಿಗೂ ಮಾತ ಕೊಟ್ಟಿಲ್ಲ. ದಿಲ್ಲಿಯವರು ಹೊತ್ತ ಹರಕಿ ದಿಲ್ಲಿಯವರ ತೀರಸ್ಲಿ."

"ದೊಡ್ಡ ದೇಶದವರದು ಹೆಚ್ಚೈತಿ, ಖರೇರಿ," ಎಂದಳು ಮುಬಶಿರಾ.

ಆಗ ಅನ್ನವ್ವ ಸೆರಗು ಸಿಗಿಸಿ ಮುಂದೆ ಬಂದಳು. ಅವಳಿಗೆ ಡಿಗ್ರಿ ತಿಳಿಯದಿದ್ದರೂ ಹರಕೆ ಚೆನ್ನಾಗಿ ತಿಳಿಯುತ್ತದೆ.

"ಸಣ್ಣವರಿದ್ದಾಗ ನಿಮಗ ಜ್ವರ ಬಂದು ನಿಮ್ಮವ್ವ ದೀಡ ನಮಸ್ಕಾರದ ಹರಕಿ ಹೊತ್ತಳು. ಹೊತ್ತಾಕಿ ತೀರಸದ ಕಣ್ಣ ಮುಚ್ಚಿದಳು. ಒದ್ದಿ ಸೀರ್‍ಯಾಗ ಉದ್ದಕ ಬಿದ್ದು ಎದ್ದು, ಮೊಣಕಾಲು ಕೆತ್ತಿಸಿಕೊಂಡು ಗುಡಿ ಮುಟ್ಟಿದಾಕಿ ಯಾರು? ನಾನು. ನಾ ಏನ ಮಾತ ಕೊಟ್ಟಿದ್ನೇನು? ಮನಿ ಹಿರೇರು ಹೊತ್ತದ್ದು ಮನಿ ಮಂದಿಗೆಲ್ಲಾ ಸೇರತೈತಿ ಅಂತ ಅವತ್ತ ನನಗ ಹೇಳಿದವರು ನೀವ."

ಕಾಕಾನಿಗೆ ಸೋಲಲು ಮನಸ್ಸಿಲ್ಲ. "ಆತು, ಈ ದೇಶದ ಹರಕಿ ತೀರೂದು ಯಾವಾಗ?"

"ಎರಡು ಸಾವಿರದ ಎಪ್ಪತ್ತರೊಳಗ್ರಿ," ಎಂದಳು ಮುಬಶಿರಾ. "ನಾವು ಎಷ್ಟು ಹೊಗಿ ಬಿಡತೀವೋ ಅಷ್ಟನ್ನೂ ಗಿಡಮರ, ಮಣ್ಣು ಹೀರಿಕೊಂಡು ಲೆಕ್ಕ ಶೂನ್ಯ ಆಗಬೇಕಂತ."

ಕಾಕಾ ನಕ್ಕುಬಿಟ್ಟರು. "ಎಪ್ಪತ್ತಕ್ಕ ಈ ಮನಿಯಾಗ ಯಾರ ಇರತಾರ ಬೇ?"

ಬಾಗಿಲ ಸಂದಿಯಿಂದ ಸೌಂದರ್ಯಾ ಕೂಸನ್ನು ತೋರಿಸಿ ಹೇಳಿದಳು: "ಈಕಿ ಇರತಾಳಪ್ಪ. ಆವಾಗ ನಲವತ್ತೈದು ವರ್ಷದಾಕಿ."

ಒಳಗೆ ಕೂಸು ಕೆಮ್ಮಿತು. ಕಾಕಾ ಬಾಗಿಲತ್ತ ತಿರುಗಿ ನೋಡಿದರು. ಆಮೇಲೆ ಕಡ್ಡಿಪೆಟ್ಟಿಗೆಯನ್ನು ಅನ್ನವ್ವನ ಕೈಗಿಟ್ಟು, "ದಂಟ ಕತ್ತರಸೂ ಯಂತ್ರ ಬಾಡಿಗಿಗೆ ಎಲ್ಲಿ ಸಿಗತೈತಿ, ಕೇಳ ಮುಬಶಿರಾ," ಎಂದರು.

ಯಂತ್ರ ಸಿಗಲು ನಾಲ್ಕು ದಿನ ಕಾಯಬೇಕಾಯಿತು, ಕಾಕಾ ಗೊಣಗಿದ್ದೇ ಗೊಣಗಿದ್ದು. ದಂಟು ಚೂರಾಗಿ ಮಣ್ಣಿಗೆ ಸೇರಿತು, ಅದರ ಮೇಲೆ ಕಡಲೆ ಬಿತ್ತಿದರು. ಒಂದೂವರೆ ಡಿಗ್ರಿಯ ಲೆಕ್ಕ ಅವರಿಗೂ ನನಗೂ ಇನ್ನೂ ಅರ್ಧಂಬರ್ಧವೇ.

ಓದುತ್ತಿರುವ ಅಕ್ಕ ಅಣ್ಣಂದಿರೇ, ಎಲ್ಲ ತಿಳಿದ ಮೇಲೆ ಮಾಡೋಣ ಎಂದು ಕೂಡಬೇಡಿ. ದಂಟು ಸುಡುವುದನ್ನು ಈ ಸುಗ್ಗಿಗೇ ನಿಲ್ಲಿಸಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ದೇಶ ಕೊಟ್ಟ ಮಾತಿನಲ್ಲಿ ನಮ್ಮೂರಿನ ಪಾಲು ಎಷ್ಟು, ದೊಡ್ಡವರ ಪಾಲು ಎಷ್ಟು, ಯಾರು ಎಷ್ಟು ನಡೆಸಿದ್ದಾರೆ ಎಂದು ಕೇಳಿ. ನಿಮ್ಮ ಮನೆಯ ತೊಟ್ಟಿಲಲ್ಲಿರುವ ಕೂಸಿಗೆ ಇನ್ನೂ ಮಾತು ಬರುವುದಿಲ್ಲ. ಅದರ ಪರವಾಗಿ ನೀವೇ ಕೇಳಬೇಕು.